ಗುಂಪಿನ ಟೂರಿನಲ್ಲಿ ಕೇಳಿಸಿದ ತುಳು

ಇಂಥ ಅನುಭವಗಳನ್ನು ಬರೆದು ಕಳಿಸುವವರ ಬರಹಗಳನ್ನು ತಿದ್ದುವುದು ಹಲವು ವರ್ಷ ನನ್ನ ಕೆಲಸವಾಗಿತ್ತು. ಕಾಸರಗೋಡಿನ ಒಂದು ಕನ್ನಡ ಪತ್ರಿಕೆಗೆ ವರದಿಗಾರನಾಗಿ ಸೇರಿ, ಆಮೇಲೆ ಡೆಸ್ಕಿನಲ್ಲಿ ಕುಳಿತವನು ನಾನು. ವಾರದ ಪುರವಣಿಗೆ ಓದುಗರಿಂದ ಬರುತ್ತಿದ್ದ ಕವರುಗಳಲ್ಲಿ ರಸ್ತೆ ತಿರುವಿನಲ್ಲಿ ಕಂಡು ಮಾಯವಾದ ಹೆಂಗಸು, ಸತ್ತ ಹೊತ್ತಿಗೆ ಸರಿಯಾಗಿ ಕನಸಿಗೆ ಬಂದ ಅಜ್ಜ ಮುಂತಾದವರು ಇದ್ದೇ ಇರುತ್ತಿದ್ದರು. ಅವನ್ನು ಓದುವಾಗ ಕೆಲವು ಪ್ರಶ್ನೆ ಹಾಕಿಕೊಳ್ಳುತ್ತಿದ್ದೆ. ನೋಡಿದ್ದು ಯಾರು? ಅವರಲ್ಲದೆ ಬೇರೆ ಯಾರಾದರೂ ನೋಡಿದ್ದಾರೆಯೇ? ಆ ದಿನ ಅವರಿಗೆ ಜ್ವರವಿತ್ತೇ? ಬಹಳಷ್ಟು ಭೂತಗಳು ಎರಡನೆಯ ಪ್ರಶ್ನೆಯಲ್ಲೇ ಬಿದ್ದುಹೋಗುತ್ತಿದ್ದವು. ಉಳಿದವನ್ನು ಮೂರನೆಯದು ಮುಗಿಸುತ್ತಿತ್ತು.

ಬರೆದವರು ಸುಳ್ಳು ಹೇಳುತ್ತಾರೆ ಎಂದು ನಾನು ಎಣಿಸಿದ್ದಿಲ್ಲ. ಮನಸ್ಸಿಗೆ ಬೇಕಾದದ್ದನ್ನು ಕಣ್ಣು ಕಿವಿಗಳು ಒದಗಿಸಿಕೊಡುತ್ತವೆ ಎಂದಷ್ಟೇ ನಂಬಿದ್ದೆ. ಈಗಲೂ ಹೆಚ್ಚು ಕಡಿಮೆ ಹಾಗೆಯೇ ನಂಬುತ್ತೇನೆ. ಆದ್ದರಿಂದ ಮುಂದೆ ಬರೆಯುವುದನ್ನು ನೀವು ಅದೇ ಪ್ರಶ್ನೆಗಳನ್ನು ಇಟ್ಟುಕೊಂಡು ಓದಬಹುದು. ನನಗೆ ಆಕ್ಷೇಪವಿಲ್ಲ. ಜ್ವರ ಇರಲಿಲ್ಲ ಎಂಬುದನ್ನು ಮಾತ್ರ ಮೊದಲೇ ಹೇಳಿಬಿಡುತ್ತೇನೆ.

ನನ್ನ ಅಕ್ಕ ಯಮುನ ಬೆಳ್ಳೂರಿನಲ್ಲಿ ಅಂಗನವಾಡಿ ಟೀಚರ್. ಅವಳ ಗಂಡ ಶೀನಪ್ಪ ಭಾವ ದುಬೈಯಲ್ಲಿ ಪ್ರವಾಸಿಗಳನ್ನು ತಿರುಗಾಡಿಸುವ ಬಸ್ಸಿನ ಡ್ರೈವರ್ ಆಗಿದ್ದರು. ಎರಡು ವರ್ಷಕ್ಕೊಮ್ಮೆ ಬರುತ್ತಿದ್ದರು, ಶುಕ್ರವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದರು. ಅದಕ್ಕೂ ಮೊದಲು, ಫೋನು ದುಬಾರಿಯಾಗಿದ್ದ ಕಾಲದಲ್ಲಿ, ಮಾತನ್ನು ಕ್ಯಾಸೆಟ್ಟಿನಲ್ಲಿ ತುಂಬಿಸಿ ಊರಿಗೆ ಹೊರಟವರ ಕೈಯಲ್ಲಿ ಕಳಿಸುತ್ತಿದ್ದರು. ಮನೆಯ ಸುದ್ದಿ ಮುಗಿದ ಮೇಲೆ ಅವರಿಗೆ ಹೇಳಲು ಬೇರೆ ಏನೂ ಇರುತ್ತಿರಲಿಲ್ಲ. ಹಾಗಾಗಿ ಬಸ್ಸಿನ ಗೈಡು ದಿನವೂ ಹೇಳುವುದನ್ನೇ ತುಳುವಿನಲ್ಲಿ ಒಪ್ಪಿಸುತ್ತಿದ್ದರು: ಬಲಕ್ಕೆ ನೋಡಿದರೆ ಇದು, ಎಡಕ್ಕೆ ನೋಡಿದರೆ ಅದು. ಅಕ್ಕ ಅಡುಗೆಮನೆಯಲ್ಲಿ ಅದನ್ನು ಕೇಳುತ್ತ ಬಲಕ್ಕೂ ಎಡಕ್ಕೂ ನೋಡುತ್ತಿದ್ದಳು ಎಂದು ನಾವು ತಮಾಷೆ ಮಾಡುವುದಿತ್ತು.

ಒಂದು ಸಲ ಕಂಪೆನಿ ಮುಚ್ಚಿತು, ಬೇರೆ ಕಡೆ ಕೆಲಸ ಹುಡುಕುತ್ತೇನೆ ಎಂದರು. ಆಮೇಲೆ ಫೋನು ಬರುವುದು ನಿಂತಿತು. ಇನ್ನೊಂದು ಎಮಿರೇಟಿಗೆ ಹೋದರು ಎಂದು ಒಬ್ಬರು ಹೇಳಿದರು, ಹಡಗಿನ ಕೆಲಸಕ್ಕೆ ಸೇರಿದರು ಎಂದು ಇನ್ನೊಬ್ಬರು. ನಾನು ಪತ್ರಿಕೆಯವನು. ಯಾರನ್ನೆಲ್ಲ ವಿಚಾರಿಸಬಹುದೋ ಅವರನ್ನೆಲ್ಲ ವಿಚಾರಿಸಿದೆ. ಸತ್ತರು ಎನ್ನುವುದಕ್ಕೆ ದಾಖಲೆ ಸಿಗಲಿಲ್ಲ, ಬದುಕಿದ್ದಾರೆ ಎನ್ನುವುದಕ್ಕೂ ಸಿಗಲಿಲ್ಲ. ಹಾಗೆಯೇ ಎಂಟು ವರ್ಷ ಕಳೆಯಿತು.

ಅಷ್ಟರಲ್ಲಿ ಅವರ ಮಗಳು ರಮ್ಯಳಿಗೆ ಸಂಬಂಧ ಕೂಡಿಬಂತು. ಮದುವೆ ಆಗಸ್ಟ್ ನಡುವಿಗೆ ಶುರುವಾಗುವ ಚಿಂಗ ತಿಂಗಳಲ್ಲಿ ಎಂದಾಯಿತು. ಮದುವೆಯ ಕಾಗದ ಅಚ್ಚು ಹಾಕಿಸುವಾಗ ತಂದೆಯ ಹೆಸರಿನ ಹಿಂದೆ ‘ದಿ.’ ಎಂದು ಹಾಕಬೇಕೋ ಬೇಡವೋ ಎಂಬಲ್ಲಿ ಎಲ್ಲವೂ ನಿಂತಿತು.

ಇದು ಬರೀ ಕಾಗದದ ಪ್ರಶ್ನೆಯಾಗಿರಲಿಲ್ಲ. ನಮ್ಮ ತುಳುವರ ಮನೆಗಳಲ್ಲಿ ಸತ್ತವರನ್ನು ‘ಒಳಗೆ ಕರೆಯುವ’ ಕ್ರಮ ಒಂದಿದೆ. ಉತ್ತರಕ್ರಿಯೆ ಮುಗಿದ ಮೇಲೆ ಮನೆಯ ಹಿರಿಯನೊಬ್ಬ ಮುಸ್ಸಂಜೆಗೆ ಹೊಸ್ತಿಲಲ್ಲಿ ನಿಂತು, ಹೊರಗೆ ಮುಖ ಮಾಡಿ, ಹೋದವರನ್ನು ಹೆಸರು ಹಿಡಿದು ಕರೆಯುತ್ತಾನೆ. ಅಲ್ಲಿಯವರೆಗೆ ಅವರು ಅಂಗಳದ ಆಚೆಯೇ ನಿಂತಿರುತ್ತಾರೆ ಎಂದು ನಂಬಿಕೆ. ಕರೆದ ಮೇಲೆ ಒಳಗೆ ಬಂದು ಹಿರಿಯರ ಸಾಲಿಗೆ ಸೇರುತ್ತಾರೆ. ಮಳೆಗಾಲದ ಆಟಿ ತಿಂಗಳಲ್ಲಿ ಹಿರಿಯರಿಗೆ ಬಡಿಸುವಾಗ ಅವರಿಗೂ ಒಂದು ಎಲೆ ಬೀಳುತ್ತದೆ. ಶೀನಪ್ಪ ಭಾವನ ಅಣ್ಣ ಐತಪ್ಪಣ್ಣ ಹೇಳಿದ್ದು ಇಷ್ಟೇ: ತಮ್ಮ ಬದುಕಿದ್ದರೆ ಮಗಳ ಮದುವೆಗೆ ಬರಲಿ, ಇಲ್ಲವಾದರೆ ಈ ಆಟಿಯಲ್ಲಿ ಕರೆದುಬಿಡೋಣ, ಎರಡೂ ಅಲ್ಲದೆ ಇನ್ನೆಷ್ಟು ವರ್ಷ ಅವನನ್ನು ಹೊರಗೆ ನಿಲ್ಲಿಸುವುದು?

ಅಕ್ಕ ಕೇಳಿದಳು: “ಬದುಕಿದ್ದವರನ್ನು ಸತ್ತವರ ಹಾಗೆ ಕರೆದರೆ ಎಂತ ಆಗ್ತದೆ ಅಂತ ನಿಮಗೆ ಗೊತ್ತುಂಟಾ ಐತಪ್ಪಣ್ಣ?”

ನಾನು ಮನಸ್ಸಿನಲ್ಲಿ ಐತಪ್ಪಣ್ಣನ ಕಡೆಗಿದ್ದೆ. ಅಕ್ಕ ಅದನ್ನು ಮುಖದಲ್ಲೇ ಓದಿರಬೇಕು. ನನ್ನ ಕಡೆ ತಿರುಗಿ, ಒಮ್ಮೆ ಆ ಊರನ್ನು ಕಣ್ಣಿನಿಂದ ನೋಡಿ ಬರುತ್ತೇನೆ, ಆಮೇಲೆ ಕಾಗದದಲ್ಲಿ ಏನು ಬರೆಯಬೇಕೆಂದು ನಾನೇ ಹೇಳುತ್ತೇನೆ ಎಂದಳು. ಊರಿನ ಅರ್ಧ ಜನ ಗಲ್ಫ್ ನೋಡಿದವರು. ಅವಳು ಮಂಗಳೂರಿನಿಂದ ಆಚೆ ಹೋದವಳಲ್ಲ.

ಕಾಸರಗೋಡಿನಲ್ಲಿ ಟ್ರಾವೆಲ್ಸ್ ನಡೆಸುವ ಹಮೀದ್ ನನ್ನ ಶಾಲೆಯ ಗೆಳೆಯ. ಅವನ ಮೇಜಿನ ಎದುರು ನಾವಿಬ್ಬರೂ ಕುಳಿತೆವು. ಅವನು ಎರಡು ದಾರಿ ಹೇಳಿದ. ಒಂದು ಗುಂಪಿನ ಟೂರು. ಎಲ್ಲರೊಂದಿಗೆ ಬಸ್ಸು, ಎಲ್ಲರೊಂದಿಗೆ ಊಟ, ತೋರಿಸುವುದನ್ನು ಕ್ರಮವಾಗಿ ತೋರಿಸುತ್ತಾರೆ, ನಾವು ಯೋಚಿಸಬೇಕಾದದ್ದು ಏನೂ ಇಲ್ಲ. ಇನ್ನೊಂದು ಪ್ರೈವೆಟ್. ನಮ್ಮದೇ ಕಾರು, ನಮ್ಮದೇ ಗೈಡು, ನಿಲ್ಲಿಸು ಎಂದಲ್ಲಿ ನಿಲ್ಲಿಸುತ್ತಾನೆ, ಕಾಯಬೇಕೆಂದರೆ ಕಾಯುತ್ತಾನೆ.

ನಾನು ಪ್ರೈವೆಟ್ ಎಂದೆ. ಭಾವ ಇದ್ದ ಕೆಲಸಗಾರರ ಕ್ಯಾಂಪಿಗೆ, ಅವರ ಹಳೆಯ ಕಂಪೆನಿ ಬಸ್ಸು ನಿಲ್ಲಿಸುತ್ತಿದ್ದ ಯಾರ್ಡಿಗೆ ಯಾವ ಗುಂಪಿನ ಬಸ್ಸೂ ಹೋಗುವುದಿಲ್ಲ. ನಾವು ಹೋಗುವುದು ವಿಚಾರಿಸಲಿಕ್ಕೆ, ಊರು ನೋಡಲಿಕ್ಕಲ್ಲ ಎಂದೆ.

ಅಕ್ಕ ಒಪ್ಪಲಿಲ್ಲ. “ಅವರು ಅಷ್ಟು ವರ್ಷ ಜನರಿಗೆ ಎಂತ ತೋರಿಸಿದ್ದೋ ಅದನ್ನು ಮೊದಲು ನೋಡ್ಬೇಕು ನನಗೆ,” ಎಂದಳು. “ಅವರ ಬಸ್ಸಿನಲ್ಲಿ ಕೂತವರ ಹಾಗೆಯೇ ಕೂತು.”

ಹಮೀದ್ ಇಬ್ಬರನ್ನೂ ನೋಡಿ ನಕ್ಕ. “ಅಕ್ಕ ತಮ್ಮ ಇಲ್ಲೇ ಜಗಳ ಮಾಡಿದ್ರೆ ಅಲ್ಲಿಗೆ ಹೋಗಿ ಎಂತ ಮಾಡ್ತೀರಿ ಮಾರಾಯ? ಗ್ರೂಪಿನಲ್ಲೇ ಹೋಗಿ. ನಡುವೆ ಒಂದು ದಿನ ಮೊಯ್ದುವಿನ ಕಾರು ಮಾಡಿಕೊಡ್ತೇನೆ. ಉಪ್ಪಳದವನು, ತುಳು ಬರ್ತದೆ. ಯಮುನಕ್ಕನಿಗೆ ಎಲ್ಲ ವ್ಯವಸ್ಥೆ ಉಂಟು, ಎಂತದೂ ಹೆದರಬೇಡಿ.”

‘ಎಲ್ಲ ವ್ಯವಸ್ಥೆ ಉಂಟು’ ಎಂಬ ಈ ಮಾತನ್ನು ಅವನು ಹಜ್ಜಿಗೆ ಹೋಗುವವರಿಗೂ ಹೇಳುತ್ತಾನೆ, ಕಾಶಿಗೆ ಹೋಗುವವರಿಗೂ ಹೇಳುತ್ತಾನೆ. ಅಕ್ಕ ಅದನ್ನು ಅಕ್ಷರಶಃ ತೆಗೆದುಕೊಂಡಳು. ಅದು ಮುಂದೆ ಬರುತ್ತದೆ.

ಮೇ ತಿಂಗಳ ಕೊನೆಗೆ ಹೋದೆವು. ಬಿಸಿಲಿಗೆ ಹೆದರಿ ಪ್ರವಾಸಿಗಳು ಕಡಿಮೆಯಾಗುವ ಕಾಲ, ಪ್ಯಾಕೇಜು ಅಗ್ಗ. ನಮ್ಮ ಗುಂಪಿನಲ್ಲಿ ಮಂಗಳೂರಿನ ಕೆಲವು ಕುಟುಂಬ, ಉತ್ತರ ಭಾರತದ ಕೆಲವರು ಇದ್ದರು. ಗೈಡು ಗ್ರೇಸ್ ಎಂಬ ಫಿಲಿಪ್ಪೀನ್ಸಿನ ಹೆಂಗಸು. ಬಹಳ ವೇಗದ ಇಂಗ್ಲಿಷು, ನನಗೇ ಎರಡು ಮಾತಿನಲ್ಲಿ ಒಂದು ತಪ್ಪುತ್ತಿತ್ತು. ಹಳೆಯ ಪೇಟೆಯಲ್ಲಿ ನಡೆದು ನೋಡುವಾಗ ಎಲ್ಲರಿಗೂ ಒಂದೊಂದು ಪುಟ್ಟ ಪೆಟ್ಟಿಗೆ ಕೊಟ್ಟರು. ಕೊರಳಿಗೆ ನೇತುಹಾಕಿಕೊಂಡು, ಅದರ ವಯರಿನ ತುದಿಯನ್ನು ಕಿವಿಗೆ ಸಿಕ್ಕಿಸಿಕೊಳ್ಳಬೇಕು. ಗ್ರೇಸ್ ಮುಂದೆ ಮೈಕಿನಲ್ಲಿ ಮೆಲ್ಲಗೆ ಮಾತಾಡಿದರೆ ಹಿಂದೆ ನಡೆಯುವವರ ಕಿವಿಗೂ ಬೀಳುತ್ತದೆ.

ಮೊದಲ ದಿನ ಅಕ್ಕನ ಪಕ್ಕದಲ್ಲಿ ನಡೆಯುತ್ತ ಆಗಾಗ ಅರ್ಥ ಹೇಳಲು ನೋಡಿದೆ. ಅವಳು ಕೈ ಅಡ್ಡ ಹಿಡಿದು, ಸುಮ್ಮನಿರು ಎಂದು ಸನ್ನೆ ಮಾಡಿದಳು. ತುಸು ಹೊತ್ತಿನಲ್ಲಿ ಒಂದು ಸಂಗತಿ ಗಮನಕ್ಕೆ ಬಂತು. ಗ್ರೇಸ್ ಕೈ ತೋರಿಸುವ ಮೊದಲೇ ಅಕ್ಕನ ಮುಖ ಆ ಕಡೆ ತಿರುಗುತ್ತಿತ್ತು. ಒಮ್ಮೆ ಯಾರೂ ನಗದಿದ್ದಾಗ ಅವಳೊಬ್ಬಳೇ ನಕ್ಕಳು. ಹಳೆಯ ಮನೆಗಳ ಮೇಲೆ ಗಾಳಿ ಹಿಡಿದು ಕೆಳಗೆ ಇಳಿಸುವ ಗೋಪುರಗಳಿವೆ. ಅವುಗಳಲ್ಲೊಂದರ ಕೆಳಗೆ ನಿಂತು, ಇಲ್ಲಿ ಡ್ರೈವರುಗಳು ಕೂತು ಬುತ್ತಿ ಬಿಚ್ಚುತ್ತಿದ್ದರಂತೆ ಎಂದಳು. ಗ್ರೇಸ್ ಹಾಗೆ ಹೇಳಿರಲಿಲ್ಲ.

ಇಂಗ್ಲಿಷು ನಿನಗೆ ಇಷ್ಟು ಅರ್ಥವಾಗುತ್ತದೆಂದು ಗೊತ್ತಿರಲಿಲ್ಲ ಎಂದೆ.

“ಇಂಗ್ಲಿಷ್ ಎಲ್ಲಿ ಬಂತು?” ಎಂದಳು ಅಕ್ಕ. “ನನಗೆ ತುಳುವಿನಲ್ಲೇ ಹೇಳ್ತಾ ಇದ್ದಾರಲ್ಲ. ಹಮೀದ್ ಹೇಳಿದ್ದ, ಎಲ್ಲ ವ್ಯವಸ್ಥೆ ಉಂಟು ಅಂತ. ಪಾಪ, ನಾನು ನಂಬಿರಲಿಲ್ಲ.”

ನಾನು ನಿಂತುಬಿಟ್ಟೆ. ಅವಳು ತಮಾಷೆ ಮಾಡುತ್ತಿರಲಿಲ್ಲ. ನಮ್ಮ ಕಡೆಯ ಯಾರೋ ಗಂಡಸು, ಬೆಳ್ಳೂರು ಕುಂಬ್ಡಾಜೆ ಕಡೆಯ ಮಾತು ಎಂದಳು. ಗೊತ್ತಿದ್ದ ಸ್ವರವೇ ಎಂದು ಕೇಳಲು ಬಾಯಿಗೆ ಬಂತು, ಕೇಳಲಿಲ್ಲ. ಕೇಳಿದರೆ ಉತ್ತರ ನಾನೇ ಕೊಟ್ಟಂತಾಗುತ್ತಿತ್ತು. ವರದಿಗಾರನಿಗೆ ಕಲಿಸುವ ಮೊದಲ ಪಾಠ ಅದು.

ಬದಲಿಗೆ, ನನ್ನ ಪೆಟ್ಟಿಗೆ ಸರಿಯಿಲ್ಲ, ನಿನ್ನದು ಕೊಡು ಎಂದು ಬದಲಾಯಿಸಿಕೊಂಡೆ. ಅವಳದರಲ್ಲಿ ಗ್ರೇಸಿನ ಇಂಗ್ಲಿಷು ಮಾತ್ರ ಕೇಳಿಸಿತು. ನನ್ನ ಪೆಟ್ಟಿಗೆ ಅವಳ ಕಿವಿಗೆ ಹೋದ ಮೇಲೂ ಅವಳು ಗ್ರೇಸಿಗಿಂತ ಮೊದಲು ತಲೆ ತಿರುಗಿಸುತ್ತಿದ್ದಳು. ಅಂದರೆ ಪೆಟ್ಟಿಗೆಯಲ್ಲಿ ಏನೂ ಇರಲಿಲ್ಲ. ನಾನು ತಕ್ಷಣ ಒಂದು ತೀರ್ಮಾನಕ್ಕೆ ಬಂದೆ: ಭಾವ ಕ್ಯಾಸೆಟ್ಟಿನಲ್ಲಿ, ಫೋನಿನಲ್ಲಿ ಹೇಳಿದ್ದೆಲ್ಲ ಅವಳಿಗೆ ಬಾಯಿಪಾಠವಾಗಿದೆ. ಆ ಜಾಗಗಳನ್ನು ನೋಡಿದಾಗ ಒಳಗಿನಿಂದ ಅದೇ ಮಾತು ಎದ್ದು ಬರುತ್ತಿದೆ. ಇದಕ್ಕೆ ಭೂತ ಬೇಕಿಲ್ಲ.

ಹೀಗೆ ಎಣಿಸಿ ಸಮಾಧಾನಪಟ್ಟುಕೊಳ್ಳುವಷ್ಟರಲ್ಲಿ ಅವಳು ಬಲಗಡೆಯ ಕಟ್ಟಡಗಳ ಸಂದಿಗೆ ಕೈ ತೋರಿಸಿ, ಅಲ್ಲಿ ಮೇಲೆ ಡ್ರೈವರೇ ಇಲ್ಲದ ರೈಲು ಹೋಗುತ್ತದಂತೆ ಎಂದಳು. “ಅದು ಬಂದ ಮೇಲೆ ನಮ್ಮಂಥವರನ್ನು ಯಾರು ಕೇಳ್ತಾರೆ ಅಂತ ಹೇಳ್ತಿದ್ದಾರೆ ಪಾಪ.” ಆಮೇಲೆ ಬಸ್ಸಿನಲ್ಲಿ ಆ ಕಡೆ ಹೋದಾಗ ಸೇತುವೆಯ ಮೇಲೆ ರೈಲು ಹೋಗುವುದು ಕಾಣಿಸಿತು. ಆ ರೈಲು ಓಡತೊಡಗಿದ್ದು ಭಾವನ ಫೋನು ನಿಂತ ಎಷ್ಟೋ ವರ್ಷಗಳ ಮೇಲೆ. ನಮ್ಮೂರಿನಲ್ಲಿ ಗಲ್ಫಿನಿಂದ ಬಂದವರು ಯಾರಾದರೂ ಅದರ ಕಥೆ ಹೇಳಿರಬಹುದು. ಹೇಳಿರಲೇಬೇಕು. ಆ ರಾತ್ರಿ ಹೋಟೆಲಿನಲ್ಲಿ ಎಸಿಯ ಸದ್ದಿಗೆ ನಿದ್ದೆ ಬರಲಿಲ್ಲ ಎಂದು ನಾನು ನನಗೇ ಹೇಳಿಕೊಂಡೆ.

ಮರುದಿನ ಮೊಯ್ದುವಿನ ಕಾರು. ಮೊಯ್ದು ಒಳ್ಳೆಯ ಮಾತುಗಾರ, ತುಳುವಿನಲ್ಲೇ ಶುರುಮಾಡಿದವನು ಸಂಜೆಯವರೆಗೆ ನಿಲ್ಲಿಸಲಿಲ್ಲ. ನಾವು ಎಲ್ಲಿ ನಿಲ್ಲಿಸು ಎಂದರೂ ನಿಲ್ಲಿಸಿದ, ಬಿಸಿಲಿನಲ್ಲಿ ನಮ್ಮ ಜೊತೆಗೆ ಇಳಿದು ವಿಚಾರಿಸಿದ. ಭಾವನ ಕಂಪೆನಿಯ ಯಾರ್ಡು ಇದ್ದಲ್ಲಿ ಈಗ ಗಾಜಿನ ಗೋಡೆಯ ಕಾರಿನ ಅಂಗಡಿ. ಕ್ಯಾಂಪಿನಲ್ಲಿ ಆ ಕಾಲದವರು ಯಾರೂ ಉಳಿದಿರಲಿಲ್ಲ. ಕ್ಯಾಂಪಿನ ಗೇಟಿನ ಎದುರಿನ ಚಾ ಅಂಗಡಿಯ ಕಾಞಂಗಾಡಿನ ಮುದುಕನೊಬ್ಬನಿಗೆ ಮಾತ್ರ ನೆನಪಿತ್ತು. ನಾನು ಹೆಸರು ಹೇಳಿದೆ. ಅಕ್ಕ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವವಳಲ್ಲ, ಸೆರಗು ಹಿಡಿದುಕೊಂಡು ಹಿಂದೆ ನಿಂತಿದ್ದಳು.

ಮುದುಕ ಮಲಯಾಳದಲ್ಲಿ ಹೇಳಿದ: ಬ್ಯಾಗು ಹಿಡಿದುಕೊಂಡು ಬಂದರು, ಚಾ ಕುಡಿದರು, ಊರಿಗೆ ಹೋಗುತ್ತೇನೆ ಎಂದರು. ಆಮೇಲೆ ನಮ್ಮಿಬ್ಬರ ಮುಖ ನೋಡಿ ಕೇಳಿದ: “ಯಾಕೆ, ಅಲ್ಲಿಗೆ ಬರಲಿಲ್ಲವಾ?”

ಪ್ರೈವೆಟ್ ಟೂರಿನಿಂದ ನಮಗೆ ಸಿಕ್ಕಿದ್ದು ಅದೊಂದೇ ವಾಕ್ಯ. ಯಾವ ವರ್ಷ, ಯಾವ ತಿಂಗಳು ಎಂದು ಮುದುಕನಿಗೆ ಗೊತ್ತಿರಲಿಲ್ಲ. ಅದನ್ನು ಇಟ್ಟುಕೊಂಡು ಮುಂದೆ ಯಾರನ್ನು ಕೇಳಬೇಕೆಂದೂ ತಿಳಿಯಲಿಲ್ಲ. ಕಾರಿನಲ್ಲಿ ಹಿಂದಿರುಗುವಾಗ ಅಕ್ಕನ ಬೆರಳು ಮತ್ತೆ ಮತ್ತೆ ಬಲಗಿವಿಗೆ ಹೋಗುತ್ತಿತ್ತು. ಮೊಯ್ದು ಹೇಳುತ್ತಿದ್ದುದಕ್ಕೆ ಹೂಂ ಎನ್ನುತ್ತಿದ್ದಳು, ಕಿಟಕಿಯಿಂದ ಬಲಕ್ಕೂ ನೋಡುತ್ತಿರಲಿಲ್ಲ, ಎಡಕ್ಕೂ ನೋಡುತ್ತಿರಲಿಲ್ಲ. ಉಳಿದ ಒಂದು ದಿನಕ್ಕೂ ಇದೇ ಕಾರು ಮಾಡೋಣ, ಆಸ್ಪತ್ರೆ, ಠಾಣೆ ಎಂದು ಇನ್ನೂ ಕೆಲವು ಕಡೆ ಕೇಳಬಹುದು ಎಂದೆ. ಮೊಯ್ದುವೂ ಬರುತ್ತೇನೆ ಎಂದ.

“ಬೇಡ,” ಎಂದಳು ಅಕ್ಕ. “ನಾಳೆ ಗ್ರೂಪಿನಲ್ಲೇ ಹೋಗುವ. ಈ ಕಾರಿನಲ್ಲಿ ನನಗೆ ಹೇಳುವವರೇ ಇಲ್ಲ.”

ಮೊಯ್ದು ಕನ್ನಡಿಯಲ್ಲಿ ನನ್ನನ್ನು ನೋಡಿದ. ಬೆಳಗಿನಿಂದ ಹೇಳುತ್ತಲೇ ಇದ್ದವನು ಅವನು. ಹೋಟೆಲಿಗೆ ಬಂದ ಮೇಲೆ ನಾನು ಅಕ್ಕನೊಂದಿಗೆ ಜಗಳವಾಡಿದೆ. ಬಂದದ್ದು ಯಾವುದಕ್ಕೆ, ಕಾಗದಕ್ಕೆ ಏನು ಬರೆಯಬೇಕೆಂದು ತಿಳಿಯುವುದಕ್ಕಲ್ಲವೇ, ಗುಂಪಿನೊಂದಿಗೆ ಹೋದರೆ ಯಾರು ಹೇಳುತ್ತಾರೆ ಎಂದೆ. ಅವಳು ಸೀರೆ ಮಡಚುತ್ತ, ಹೇಳುವವರು ಹೇಳುತ್ತಾರೆ ಎಂದಳು. ಆಗಲಾದರೂ ನಾನು ಆ ಸ್ವರ ಯಾರದೆಂದು ಕೇಳಬಹುದಿತ್ತು. ಕೇಳಲಿಲ್ಲ. ಈಗ ಅದು ವರದಿಗಾರನ ಶಿಸ್ತಿನಿಂದಲ್ಲ.

ಕೊನೆಯ ದಿನ ಮಧ್ಯಾಹ್ನದ ಬಿಸಿಲು ತಗ್ಗಿದ ಮೇಲೆ ಗುಂಪನ್ನು ಹಳೆಯ ಕೋಟೆಯೊಳಗಿನ ಮ್ಯೂಸಿಯಮ್ಮಿಗೆ ಕರೆದೊಯ್ದರು. ಅಲ್ಲಿಂದ ನೇರ ದೋಣಿ, ದೋಣಿಯಿಂದ ಊಟ, ಊಟದಿಂದ ವಿಮಾನ. ಎಲ್ಲವೂ ಒಂದಕ್ಕೊಂದು ಕಟ್ಟಿದ್ದು, ಒಂದು ತಪ್ಪಿದರೆ ಎಲ್ಲವೂ ತಪ್ಪುತ್ತದೆ ಎಂದು ಗ್ರೇಸ್ ಬಸ್ಸಿನಲ್ಲೇ ಎಚ್ಚರಿಸಿದ್ದಳು. ನೆಲಮಾಳಿಗೆಯಲ್ಲಿ ಹಳೆಯ ಕಾಲದ ಪೇಟೆಯನ್ನು ಗೊಂಬೆಗಳಲ್ಲಿ ಮಾಡಿ ಇಟ್ಟಿದ್ದಾರೆ: ಬಡಗಿ, ಕಮ್ಮಾರ, ಮುತ್ತು ತೆಗೆಯುವವರು. ಗ್ರೇಸ್ ಒಂದು ಸುತ್ತು ವಿವರಿಸಿ, ಇನ್ನು ನೀವೇ ನೋಡಿ, ಆಮೇಲೆ ಬಸ್ಸಿನ ಹತ್ತಿರ ಸೇರಿ ಎಂದು ಹೇಳಿ ಮೈಕು ಆರಿಸಿ ಮೇಲೆ ಹೋದಳು. ಕಿವಿಯಲ್ಲಿ ಪೆಟ್ಟಿಗೆಯ ಸರಸರ ಸದ್ದು ಮಾತ್ರ ಉಳಿಯಿತು. ಅದನ್ನು ತೆಗೆಯಬೇಕೆಂದು ನನಗೆ ತೋಚಲಿಲ್ಲ. ದೋಣಿ ಕಟ್ಟುವವನ ಗೊಂಬೆಯ ಎದುರು ನಿಂತಿದ್ದೆ. ಅಕ್ಕ ಆ ಬದಿಯ ಗೋಡೆಯ ಹತ್ತಿರ ಇದ್ದಳು.

ಯಾರೋ ಗಂಟಲು ಸರಿಮಾಡಿಕೊಂಡ ಸದ್ದಾಯಿತು. ಆಮೇಲೆ ಗಂಡಸಿನ ಸ್ವರ, ಆತುರವಿಲ್ಲದ ತುಳು:

“ನಿಕುಲು ತೂದು ಬಲೆ. ಯಾನ್ ಪಿದಾಯಿ ಉಲ್ಲೆ.”

ನೀವು ನೋಡಿ ಬನ್ನಿ. ನಾನು ಹೊರಗಿದ್ದೇನೆ.

ಇಷ್ಟೇ. ಮತ್ತೆ ಸರಸರ. ತಲೆ ಎತ್ತಿದೆ. ಆ ಬದಿಯಲ್ಲಿ ಅಕ್ಕ ನನ್ನನ್ನೇ ನೋಡುತ್ತಿದ್ದಳು. ನಡುವೆ ಜನ ಓಡಾಡುತ್ತಿದ್ದರು. ಅವಳು ದೊಡ್ಡ ಸ್ವರ ಮಾಡದೆ ತುಟಿ ಅಲ್ಲಾಡಿಸಿ ಕೇಳಿದಳು: “ಕೇಳಿತಾ?”

ಬೇರೆ ಯಾರಾದರೂ ಕೇಳಿದ್ದಾರೆಯೇ ಎಂಬ ಪ್ರಶ್ನೆಗೆ, ನೋಡಿ, ಉತ್ತರ ಸಿಕ್ಕಿತ್ತು.

ನಾನು ಮೆಟ್ಟಿಲು ಹತ್ತಿ ಹೊರಗೆ ಓಡಿದೆ. ಓಡುವಾಗಲೂ ನನ್ನ ತಲೆ ಕೆಲಸ ಮಾಡುತ್ತಲೇ ಇತ್ತು. ಭಾವನಿಗೆ ಗಂಟಲು ಸರಿಮಾಡಿಕೊಂಡು ಮಾತು ಶುರುಮಾಡುವ ಅಭ್ಯಾಸವಿತ್ತು, ಆದರೆ ಆ ಅಭ್ಯಾಸ ಲೋಕದ ಅರ್ಧ ಗಂಡಸರಿಗಿದೆ. ಬಸ್ಸಿನ ಡ್ರೈವರು ಪ್ರವಾಸಿಗಳನ್ನು ಇಳಿಸಿ ಹೇಳುವುದೂ ಅದನ್ನೇ. ಪಕ್ಕದಲ್ಲಿ ಇನ್ನೊಂದು ಗುಂಪು ಇದ್ದಿರಬಹುದು, ಅವರ ಡ್ರೈವರು ನಮ್ಮ ಕಡೆಯವನಿರಬಹುದು, ಅವನ ಮೈಕಿನ ಮಾತು ನಮ್ಮ ಪೆಟ್ಟಿಗೆಗೆ ಬಿದ್ದಿರಬಹುದು. ಹಾಗಿದ್ದರೆ ಅವನು ಯಾರೆಂದು ಈಗಲೇ ನೋಡಬಹುದು. ಬದುಕಿರುವ ಶೀನಪ್ಪ ಭಾವನೇ ಇರಬಾರದೆಂದೇನಿದೆ?

ಹೊರಗೆ ಬಿಸಿಗಾಳಿ ಮುಖಕ್ಕೆ ಹೊಡೆಯಿತು. ಕೋಟೆಯ ಗೋಡೆಯ ಆಚೆ ಟೂರಿಸ್ಟ್ ಬಸ್ಸುಗಳು ಸಾಲಾಗಿ ನಿಂತಿದ್ದವು, ಎಸಿಗಾಗಿ ಎಲ್ಲದರ ಎಂಜಿನೂ ಓಡುತ್ತಿತ್ತು. ಒಂದೊಂದರ ಬಾಗಿಲಿಗೂ ಹೋಗಿ ಒಳಗೆ ನೋಡಿದೆ. ಪಠಾಣರು, ನೇಪಾಳಿಗಳು, ಒಬ್ಬ ಮಲಯಾಳಿ. ತುಳು ಬಲ್ಲವರು ಯಾರೂ ಇರಲಿಲ್ಲ. ಸಾಲಿನ ಕೊನೆಯ ಬಸ್ಸಿನ ಬಾಗಿಲು ತೆರೆದಿತ್ತು, ಎಂಜಿನು ಓಡುತ್ತಿತ್ತು, ಡ್ರೈವರಿನ ಸೀಟು ಖಾಲಿ. ಸ್ಟಿಯರಿಂಗಿನ ಮುಂದೆ ಕಾಗದದ ಲೋಟದಲ್ಲಿ ಅರ್ಧ ಚಾ ಇತ್ತು. ಪಕ್ಕದ ಬಸ್ಸಿನ ಪಠಾಣನನ್ನು ಕೇಳಿದೆ. ಈಗ ಇಲ್ಲೇ ಇದ್ದ, ಬರುತ್ತಾನೆ ಎಂದ. ಹೆಸರು? ಹೊಸಬ, ಗೊತ್ತಿಲ್ಲ. ಯಾವ ದೇಶದವನು? ಹಿಂದೂಸ್ತಾನಿ. ವಯಸ್ಸೆಷ್ಟು ಎಂದರೆ ನನ್ನನ್ನು ವಿಚಿತ್ರವಾಗಿ ನೋಡಿ ಗಾಜು ಏರಿಸಿದ.

ಅಲ್ಲಿಯೇ ನಿಂತೆ. ಬಸ್ಸಿನ ಬದಿಯಲ್ಲಿದ್ದ ಕಂಪೆನಿಯ ಹೆಸರನ್ನು ಬರೆದುಕೊಂಡೆ. ದಾರಿಯ ಎರಡೂ ಕಡೆ ನೋಡುತ್ತಿದ್ದೆ. ಬರುವವರೆಲ್ಲ ಬೇರೆಯವರು. ಅಷ್ಟರಲ್ಲಿ ಕಿವಿಯಲ್ಲಿ ಗ್ರೇಸ್ ನನ್ನ ಹೆಸರು ಹಿಡಿದು ಕರೆಯತೊಡಗಿದಳು. ಎಲ್ಲರೂ ಬಂದಾಯಿತು, ನಿಮಗಾಗಿ ಕಾಯುತ್ತಿದ್ದೇವೆ, ದೋಣಿ ಹೊರಡುತ್ತದೆ. ಮತ್ತೆ ಕರೆದಳು. ಇನ್ನೂ ಒಮ್ಮೆ ಕರೆದಳು. ಆಚೆ ನಮ್ಮ ಬಸ್ಸಿನ ಬಾಗಿಲಿನಲ್ಲಿ ಮಂಗಳೂರಿನ ಹಿರಿಯರೊಬ್ಬರು ನಿಂತು ಕೈ ಬೀಸುತ್ತಿದ್ದರು, ಆ ಕೈಯಲ್ಲಿ ಸಿಟ್ಟಿತ್ತು. ಅಕ್ಕ ಇಳಿದು ಬರುತ್ತಾಳೆ, ನಾವಿಬ್ಬರೂ ಇಲ್ಲೇ ಉಳಿಯುತ್ತೇವೆ ಎಂದು ಎಣಿಸಿ ಅವಳನ್ನು ಕರೆಯಲು ಬಸ್ಸಿಗೆ ಹೋದೆ. ಅವಳು ಕಿಟಕಿಯ ಪಕ್ಕದಲ್ಲಿ ಕುಳಿತಿದ್ದಳು.

“ಸಿಕ್ಕಿದ್ರಾ?”

ಖಾಲಿ ಸೀಟಿನ ಬಸ್ಸಿನ ಬಗ್ಗೆ ಹೇಳಿದೆ. ಡ್ರೈವರು ಈಗ ಬರುತ್ತಾನಂತೆ, ಇಳಿ, ಇವರೆಲ್ಲ ಹೋಗಲಿ, ವಿಮಾನದ ಹೊತ್ತಿಗೆ ನಾವು ಟ್ಯಾಕ್ಸಿ ಹಿಡಿಯೋಣ ಎಂದೆ. ಅಕ್ಕ ಆ ಸಾಲಿನ ಕೊನೆಗೆ ಒಮ್ಮೆ ನೋಡಿದಳು. ಆಮೇಲೆ ಬಸ್ಸಿನೊಳಗೆ ಕುಳಿತಿದ್ದವರನ್ನು ನೋಡಿದಳು. ಮಕ್ಕಳು ಅಳುತ್ತಿದ್ದರು.

“ನೀನು ಕೂತುಕೋ,” ಎಂದಳು. “ಬಸ್ಸು ಕಾಯಿಸುವವರನ್ನು ಕಂಡರೆ ಅವರಿಗೆ ಆಗ್ತಿರಲಿಲ್ಲ.”

ಕುಳಿತೆ. ಬಾಗಿಲು ಮುಚ್ಚಿತು, ಬಸ್ಸು ತಿರುಗಿತು. ಆ ಖಾಲಿ ಸೀಟಿಗೆ ಯಾರು ಬಂದು ಕುಳಿತರೆಂದು ನನಗೆ ಕಾಣಲಿಲ್ಲ. ಕಾರು ಮಾಡಿಕೊಂಡಿದ್ದರೆ ಮೊಯ್ದು ಕಾಯುತ್ತಿದ್ದ. ಆದರೆ ಕಾರು ಮಾಡಿಕೊಂಡಿದ್ದರೆ ಕಿವಿಯಲ್ಲಿ ಪೆಟ್ಟಿಗೆಯೇ ಇರುತ್ತಿರಲಿಲ್ಲ. ಈ ಎರಡು ಮಾತಿನ ನಡುವೆ ನಾನು ಇಂದಿಗೂ ಅತ್ತಿಂದಿತ್ತ ಓಡಾಡುತ್ತಿದ್ದೇನೆ.

ಊರಿಗೆ ಬಂದ ಮೇಲೆ ಹಮೀದನಿಗೆ ಎಲ್ಲ ಹೇಳಿದೆ. ತುಳುವಿನ ವ್ಯವಸ್ಥೆ ಎಲ್ಲಿಯೂ ಇಲ್ಲ, ಯಮುನಕ್ಕನಿಗೆ ಹಾಗೆ ಅನಿಸಿದ್ದಿರಬೇಕು ಎಂದ. ಆ ಪೆಟ್ಟಿಗೆಗಳಿಗೆ ಅಕ್ಕಪಕ್ಕದ ಮಾತು ಬೀಳುವುದುಂಟು ಎಂದೂ ಹೇಳಿದ. ಹಾಗಿದ್ದರೆ ಅದು ನನಗೆ ಕೇಳಿದ್ದಕ್ಕೆ ಉತ್ತರವಾಗುತ್ತದೆ, ಅಕ್ಕನಿಗೆ ಮೊದಲ ದಿನ ಕೇಳಿದ್ದಕ್ಕೆ ಆಗುವುದಿಲ್ಲ. ನಾನು ಬರೆದುಕೊಂಡ ಹೆಸರಿನ ಕಂಪೆನಿಯಲ್ಲಿ ಪರಿಚಯದವರ ಮೂಲಕ ವಿಚಾರಿಸಿದ. ಶೀನಪ್ಪ ಎಂಬವರು ಇಲ್ಲ ಎಂದರಂತೆ. ಡ್ರೈವರುಗಳು ಬಾಡಿಗೆಗೆ ಬಂದು ಹೋಗುತ್ತಿರುತ್ತಾರೆ, ಎಲ್ಲರ ಹೆಸರು ನಮ್ಮಲ್ಲಿ ಇರುವುದಿಲ್ಲ ಎಂದೂ ಅವರೇ ಹೇಳಿದರಂತೆ.

ಕಾಗದದ ವಿಷಯಕ್ಕೆ ಐತಪ್ಪಣ್ಣ ಬಂದು ಕುಳಿತರು. ಅಕ್ಕ ಹೆಸರಿನ ಹಿಂದೆ ಏನೂ ಹಾಕಬೇಡಿ ಎಂದಳು. ‘ದಿ.’ ಬೇಡ, ‘ಶ್ರೀ’ ಬೇಡ, ಬರೀ ಹೆಸರು. ಕರೆಯುವುದನ್ನು ಮಾತ್ರ ಈ ಆಟಿಯಲ್ಲೇ ಮಾಡುವ ಎಂದಳು. ಐತಪ್ಪಣ್ಣ ನನ್ನನ್ನು ನೋಡಿದರು. ಇದೆರಡೂ ಒಟ್ಟಿಗೆ ಹೇಗೆ ಸಾಧ್ಯವೆಂದು ನಾನೂ ಕೇಳಿದೆ.

“ಸತ್ತವರು ಅಂತಲೂ ಅಲ್ಲ, ಬದುಕಿದ್ದವರು ಅಂತಲೂ ಅಲ್ಲ,” ಎಂದಳು ಅಕ್ಕ. “ಹೊರಗಿದ್ದೇನೆ ಅಂತ ಅವರೇ ಹೇಳಿದ್ದನ್ನು ನೀನೂ ಕೇಳಿದ್ದಿ. ಹೊರಗೆ ಇದ್ದವರನ್ನು ಕರೀಲಿಕ್ಕೆ ನಮಗೆ ಎಂ‌ತ ಗೊತ್ತಾಗಬೇಕು?”

ಆ ಸ್ವರದ ಬಗ್ಗೆ ‘ಅವರೇ’ ಎಂದು ಅವಳು ಹೇಳಿದ್ದು ಅದೇ ಮೊದಲು.

ಆಟಿಯ ಒಂದು ಮುಸ್ಸಂಜೆ ಅವಳ ಮನೆಯಲ್ಲಿ ನಾವು ಕೆಲವರೇ ಸೇರಿದೆವು. ಗಲ್ಫಿನ ದುಡ್ಡಿನಲ್ಲಿ ಕಟ್ಟಿದ ಟೆರೇಸಿನ ಮನೆ, ಎದುರಿಗೆ ಜಗಲಿಯಂತೆ ಟೈಲ್ಸ್ ಹಾಕಿದ ಸಿಟೌಟು, ಪುಟ್ಟ ಅಂಗಳ, ಅದರಾಚೆ ರಸ್ತೆ. ಎಲೆ ಬಡಿಸಿ ಆಗಿತ್ತು. ಹೆಸರು ಹಿಡಿದು ಕರೆಯಬೇಕಾದವರು ಐತಪ್ಪಣ್ಣ. ಅವರು ಹೊಸ್ತಿಲಿಗೆ ಹೋಗುವಷ್ಟರಲ್ಲಿ ಅಕ್ಕ ಅವರ ಮುಂದೆ ಹೋಗಿ ನಿಂತಳು. ಹೆಂಡತಿ ಕರೆಯುವ ಕ್ರಮ ಇಲ್ಲ. ಆದರೆ ಐತಪ್ಪಣ್ಣ ಬಿಟ್ಟುಕೊಟ್ಟರು. ನಾನು ಅವಳ ಬೆನ್ನ ಹಿಂದೆ, ಬಾಗಿಲಿನ ಒಳಗೆ ಇದ್ದೆ. ಹೊರಗೆ ಮಳೆ ಬಿಟ್ಟಿತ್ತು. ಸಿಟೌಟಿನಲ್ಲೂ ಅಂಗಳದಲ್ಲೂ ಯಾರೂ ಇರಲಿಲ್ಲ. ಇದನ್ನು ನಾನು ನೋಡಿ ಖಚಿತ ಮಾಡಿಕೊಂಡಿದ್ದೆ.

ಅಕ್ಕ ಹೆಸರು ಹೇಳಲಿಲ್ಲ. ವಿಧಿಯ ಮಾತೂ ಹೇಳಲಿಲ್ಲ. ಭಾವ ಊರಿಗೆ ಬಂದಾಗ ಚಪ್ಪಲಿ ಬಿಚ್ಚುತ್ತ ಹೊರಗೇ ಹೊತ್ತು ಕಳೆಯುತ್ತಿದ್ದರು. ಆಗ ಅವಳು ಒಳಗಿನಿಂದ ಹೇಳುತ್ತಿದ್ದುದನ್ನೇ, ಅದೇ ಸ್ವರದಲ್ಲಿ ಹೇಳಿದಳು:

“ಎಷ್ಟು ಹೊತ್ತು ಹೊರಗೆ ನಿಲ್ಲುದು? ಒಳಗೆ ಬನ್ನಿ.”

ಆಮೇಲೆ ಬಾಗಿಲಿನ ಒಂದು ಬದಿಗೆ ಸರಿದಳು, ಬ್ಯಾಗು ಹಿಡಿದುಕೊಂಡು ಬರುವವರಿಗೆ ದಾರಿ ಬಿಡುವಂತೆ.

ಅವಳು ಸರಿದದ್ದು ಅರ್ಥವಾಗುತ್ತದೆ. ಅದು ಅವಳ ನಂಬಿಕೆ. ಆದರೆ ಅವಳ ಹಿಂದೆ ನಿಂತಿದ್ದ ನಾನು, ಆ ಹೊತ್ತಿಗೆ ಏನನ್ನೂ ನೋಡದವನು, ಏನನ್ನೂ ಕೇಳದವನು, ಆ ಕ್ಷಣದಲ್ಲೇ ಗೋಡೆಗೆ ಬೆನ್ನು ತಾಗುವಷ್ಟು ಪಕ್ಕಕ್ಕೆ ಸರಿದೆ. ಯಾಕೆ ಸರಿದೆ ಎಂದು ಅವತ್ತಿನಿಂದ ನನ್ನನ್ನೇ ಕೇಳಿಕೊಳ್ಳುತ್ತಿದ್ದೇನೆ.